ಇಂಗ್ಲೆಂಡಿನ ಸರ್ಕಾರಿ ಟೆಂಡರ್: ಹಾಕುವ ಮುಂಚೆ ಅಂಕದ ಲೆಕ್ಕ, ಸೋತ ಮೇಲೆ ದಿನದ ಲೆಕ್ಕ

ಊರಲ್ಲಿ ಟೆಂಡರ್ ಹಾಕಿದವರಿಗೆ ಎಲ್-ಒನ್ ಲೆಕ್ಕ ಬಾಯಿಪಾಠ. ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ಪೈಕಿ ಕಡಿಮೆ ದರ ಹಾಕಿದವರಿಗೆ ಕೆಲಸ. ಅದೇ ಲೆಕ್ಕ ಹಿಡಿದು ಇಂಗ್ಲೆಂಡಿನ ಕೌನ್ಸಿಲ್ (ಸ್ಥಳೀಯ ಆಡಳಿತ ಸಂಸ್ಥೆ) ಟೆಂಡರಿಗೆ ಹೋದರೆ ಏಟು ಬೀಳುತ್ತದೆ. ಇಲ್ಲಿ 2025ರ ಫೆಬ್ರವರಿ 24ರಿಂದ ಜಾರಿಯಲ್ಲಿರುವ ಪ್ರೊಕ್ಯೂರ್‌ಮೆಂಟ್ ಆ್ಯಕ್ಟ್ 2023 ಹುಡುಕುವುದು ಒಟ್ಟಾರೆ ಹೆಚ್ಚು ಅನುಕೂಲವಾದ ಟೆಂಡರನ್ನು. ದರ ಅದರ ಒಂದು ಭಾಗ ಮಾತ್ರ. ವೇಲ್ಸ್, ಉತ್ತರ ಐರ್ಲೆಂಡಿಗೂ ಇದೇ ಕಾಯ್ದೆ. ಸ್ಕಾಟ್ಲೆಂಡಿನ ಕೌನ್ಸಿಲ್‌ಗಳಿಗೆ ಬೇರೆ ನಿಯಮ.

ಮೊದಲ ಕೆಲಸ ಫೈಂಡ್ ಎ ಟೆಂಡರ್ ಜಾಲತಾಣದಲ್ಲಿ ನೋಂದಣಿ. ಅದು ಉಚಿತ. ಕಂಪನಿಯ ವಿವರ, ಹಿಡಿತವಿರುವ ಮಾಲೀಕರು, ಲೆಕ್ಕಪತ್ರ ಎಲ್ಲವನ್ನೂ ಒಮ್ಮೆ ತುಂಬಿಟ್ಟು, ಟೆಂಡರ್ ಹಾಕುವಾಗ ಆ ವಿವರ ನೋಡಲು ಬಿಡುವ ಷೇರ್ ಕೋಡ್ ಕೊಟ್ಟರೆ ಆಯಿತು. ಆದರೆ ಆ ಕೋಡ್ ತೋರಿಸುವುದು ಅದನ್ನು ತೆಗೆದ ಹೊತ್ತಿನ ವಿವರವನ್ನು. ಆಮೇಲೆ ನಿರ್ದೇಶಕರು ಬದಲಾಗಿದ್ದರೆ ಹೊಸ ಕೋಡ್ ತೆಗೆಯಬೇಕು.

ಕಾಯ್ದೆ ಪೂರ್ತಿಯಾಗಿ ಅನ್ವಯಿಸುವುದು ಒಂದು ಮೊತ್ತದ ಮೇಲೆ. 2026ರ ಜನವರಿ 1ರಿಂದ ಸರಕು ಮತ್ತು ಸೇವೆಗೆ ಕೇಂದ್ರ ಇಲಾಖೆಗಳಲ್ಲಿ ಅದು 1,35,018 ಪೌಂಡ್, ಕೌನ್ಸಿಲ್‌ಗಳಲ್ಲಿ 2,07,720 ಪೌಂಡ್, ವ್ಯಾಟ್ ಸೇರಿಸಿಯೇ. ಅದಕ್ಕಿಂತ ಕಡಿಮೆ ಮೊತ್ತದ ಕೆಲಸಗಳಿಗೆ ಎಷ್ಟೋ ಕೌನ್ಸಿಲ್‌ಗಳು ಎರಡು-ಮೂರು ಕೊಟೇಶನ್ ತರಿಸಿ ಮುಗಿಸುತ್ತವೆ. ಹೊಸಬರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು.

ಈಗ ಅಂಕ. ಗುಣಮಟ್ಟಕ್ಕೆ 60, ದರಕ್ಕೆ 40 ಎಂದಿಟ್ಟುಕೊಳ್ಳಿ. ಸಾಮಾನ್ಯ ಸೂತ್ರದಲ್ಲಿ ಎಲ್ಲರಿಗಿಂತ ಕಡಿಮೆ ದರವನ್ನು ನಿಮ್ಮ ದರದಿಂದ ಭಾಗಿಸಿ 40ರಿಂದ ಗುಣಿಸುತ್ತಾರೆ. ಅವರದು 80,000, ನಿಮ್ಮದು 1,00,000 ಪೌಂಡ್ ಆದರೆ ನಿಮಗೆ 32, ಅಂದರೆ ಎಂಟು ಅಂಕ ಹೋಯಿತು. ಗುಣಮಟ್ಟದಲ್ಲಿ 20 ಅಂಕದ ಒಂದು ಪ್ರಶ್ನೆಗೆ ಐದಕ್ಕೆ ಮೂರು ಬಂದರೆ 12, ಐದಕ್ಕೆ ಐದು ಬಂದರೆ 20. ಇಲ್ಲೂ ವ್ಯತ್ಯಾಸ ಎಂಟೇ. ಇಪ್ಪತ್ತು ಸಾವಿರ ಪೌಂಡ್ ಇಳಿಸುವುದೂ ಒಂದೇ, ಒಂದು ಉತ್ತರವನ್ನು ಸರಿಯಾಗಿ ಬರೆಯುವುದೂ ಒಂದೇ! ಸೂತ್ರ ಟೆಂಡರಿನಿಂದ ಟೆಂಡರಿಗೆ ಬದಲಾಗುತ್ತದೆ, ಹಾಗಾಗಿ ಬರೆಯಲು ಕೂರುವ ಮುಂಚೆ ಈ ಲೆಕ್ಕ ಹಾಕಿ ನೋಡಿ.

ಸರಿಯಾಗಿ ಬರೆಯುವುದೆಂದರೆ? ಸಿಬ್ಬಂದಿ ದಿಢೀರ್ ರಜೆ ಹಾಕಿದರೆ ಸೇವೆ ಹೇಗೆ ನಡೆಸುತ್ತೀರಿ ಎಂದು ಕೇಳಿದಾಗ ‘ನಮ್ಮಲ್ಲಿ ಅನುಭವಿ ತಂಡವಿದೆ’ ಎಂದರೆ ಅಂಕ ಹುಟ್ಟುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಂದ ಫೋನ್ ಯಾರು ಎತ್ತುತ್ತಾರೆ, ಬದಲಿ ಆಳು ಎಷ್ಟು ನಿಮಿಷದಲ್ಲಿ ಹೊರಡುತ್ತಾರೆ, ಕೌನ್ಸಿಲ್‌ಗೆ ಸುದ್ದಿ ಮುಟ್ಟಿಸುವವರು ಯಾರು, ಇದನ್ನು ಬರೆಯಬೇಕು. ಪದಮಿತಿ ಮೀರಿದ ಭಾಗವನ್ನು ಸಾಮಾನ್ಯವಾಗಿ ಓದುವುದೇ ಇಲ್ಲ.

ದರ ಹಾಕುವಾಗ ನಮ್ಮವರು ಹೆಚ್ಚು ಎಡವುವುದು ಟ್ಯೂಪಿ (TUPE) ಎಂಬ ನೌಕರರ ವರ್ಗಾವಣೆಯ ನಿಯಮದಲ್ಲಿ. ಕ್ಲೀನಿಂಗ್, ಕೇಟರಿಂಗ್, ಆರೈಕೆಯಂಥ ಕೆಲಸ ಕೈ ಬದಲಾದಾಗ ಹಳೆಯ ಗುತ್ತಿಗೆದಾರರ ನೌಕರರು ಅದೇ ಸಂಬಳ, ರಜೆ, ಸೇವಾವಧಿಯ ಸಮೇತ ನಿಮ್ಮ ಕಡೆಗೆ ಬರಬಹುದು. ಆರು ಜನ ಸಾಕು ಎಂದು ದರ ಹಾಕಿ, ಒಂಬತ್ತು ಜನ ಬಂದು ನಿಂತರೆ ಮೊದಲ ವರ್ಷವೇ ನಷ್ಟ. ಆ ನೌಕರರ ಪಟ್ಟಿ (ಹೆಸರು ಮರೆಮಾಡಿದ್ದು) ಟೆಂಡರ್ ಕಡತದಲ್ಲಿ ಇಲ್ಲದಿದ್ದರೆ ಪ್ರಶ್ನೆ ಕೇಳುವ ಗಡುವಿನೊಳಗೆ ಬರೆದು ಕೇಳಿ. ಉತ್ತರ ಎಲ್ಲ ಸ್ಪರ್ಧಿಗಳಿಗೂ ಹೋಗುತ್ತದೆ, ಆದ್ದರಿಂದ ಪ್ರಶ್ನೆಯಲ್ಲಿ ನಿಮ್ಮ ಗುಟ್ಟು ಬಿಟ್ಟುಕೊಡಬೇಡಿ.

ಸಣ್ಣ ಕಂಪನಿಗಳ ಪರವಾಗಿ ಕಾಯ್ದೆಯ 22ನೇ ಸೆಕ್ಷನ್ ಇದೆ. ಕಂಪನಿ ಕಾನೂನಿನ ಪ್ರಕಾರ ಆಡಿಟ್ ಬೇಕಿಲ್ಲದ ಕಂಪನಿಯಿಂದ ಆಡಿಟ್ ಆದ ಲೆಕ್ಕಪತ್ರ ಕೇಳುವಂತಿಲ್ಲ. ಗುತ್ತಿಗೆ ಕೈಗೆ ಬರುವ ಮುಂಚೆಯೇ ಅದರ ವಿಮೆ ಮಾಡಿಸಿರಬೇಕು ಎನ್ನುವಂತಿಲ್ಲ. ಇಂಥ ಷರತ್ತು ಕಂಡರೆ ಸುಮ್ಮನಿರಬೇಡಿ, ಆಗಲೇ ಬರೆಯಿರಿ. ಕೋರ್ಟಿಗೆ ಹೋಗಲು ಇರುವುದು 30 ದಿನ, ಆ ಗಡುವು ಸಂಸ್ಥೆಯ ತಪ್ಪು ನಿಮಗೆ ತಿಳಿದ ಅಥವಾ ತಿಳಿದಿರಬೇಕಿದ್ದ ದಿನದಿಂದ ಓಡುತ್ತದೆ. ಸೋತ ಮೇಲೆ ಎತ್ತೋಣ ಎಂದು ಕಾದರೆ ಗಡುವು ಅಷ್ಟರಲ್ಲೇ ಮುಗಿದಿರುತ್ತದೆ.

ಫಲಿತಾಂಶದ ಹೊತ್ತಿಗೆ ಅಸೆಸ್‌ಮೆಂಟ್ ಸಮರಿ ಬರುತ್ತದೆ. ಪ್ರತಿ ಮಾನದಂಡಕ್ಕೂ ನಿಮ್ಮ ಅಂಕ, ಕಾರಣ, ಜೊತೆಗೆ ಗೆದ್ದವರ ಅಂಕ, ಕಾರಣ ಅದರಲ್ಲಿರಬೇಕು. ಕೌನ್ಸಿಲ್, ಆಸ್ಪತ್ರೆ ಟ್ರಸ್ಟ್‌ಗಳಲ್ಲಿ ಅಂಕ ಹಾಕುವ ಸಮಿತಿಯಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದೂ ಇದನ್ನೇ. ಅಂಕ ಹಾಕಿದ ದಿನವೇ ಕಾರಣ ಬರೆದಿಡದಿದ್ದರೆ ಈ ಕಾಗದ ನಿಲ್ಲುವುದಿಲ್ಲ. ಟೆಂಡರಿನಲ್ಲಿ ಹೇಳದ ಮಾನದಂಡ ಟಿಪ್ಪಣಿಯಲ್ಲಿ ನುಸುಳಿದರೆ ತಕರಾರಿಗೆ ಅಷ್ಟೇ ಸಾಕು.

ಗುತ್ತಿಗೆ ಕೊಡುವ ಪ್ರಕಟಣೆ ಹೊರಬಿದ್ದ ದಿನವೂ ಸೇರಿ ಎಂಟು ಕೆಲಸದ ದಿನ ಸಹಿ ಹಾಕುವಂತಿಲ್ಲ. ಸೋಮವಾರ ಪ್ರಕಟವಾಗಿ ನಡುವೆ ಸರ್ಕಾರಿ ರಜೆ ಇಲ್ಲದಿದ್ದರೆ ಮುಂದಿನ ವಾರದ ಬುಧವಾರ ರಾತ್ರಿಗೆ ಅವಧಿ ಮುಗಿಯಿತು, ಗುರುವಾರ ಸಹಿ ಬೀಳಬಹುದು. ಆ ಅವಧಿಯೊಳಗೆ ಕೋರ್ಟಿನಲ್ಲಿ ದಾವೆ ಹೂಡಿ, ಹೂಡಿದ್ದನ್ನು ಸಂಸ್ಥೆಗೆ ತಿಳಿಸಿದರೆ ಸಹಿ ತಾನಾಗಿ ತಡೆಯುತ್ತದೆ. ದೂರಿನ ಇಮೇಲ್ ಕಳಿಸಿದರೆ ತಡೆಯುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡಲು ಅವರಿಗೆ 20 ಕೆಲಸದ ದಿನ ಇರುವುದರಿಂದ ಅದನ್ನೂ ನೆಚ್ಚಿ ಕೂರಬೇಡಿ. ಮೊದಲ ಎರಡು ದಿನದಲ್ಲೇ ಈ ವಿಷಯ ಬಲ್ಲ ಸಾಲಿಸಿಟರ್ (ವಕೀಲರು) ಹತ್ತಿರ ಸಮರಿ ಒಯ್ಯಿರಿ.

ಆರೈಕೆ ಸೇವೆ ನಡೆಸುವವರಿಗೆ ಒಂದು ಎಚ್ಚರಿಕೆ: ಕೌನ್ಸಿಲ್ ಕೊಡುವ ಮನೆ ಆರೈಕೆಯ ಗುತ್ತಿಗೆ ‘ಲೈಟ್ ಟಚ್’ ಎಂಬ ಸಡಿಲ ನಿಯಮದ ವರ್ಗಕ್ಕೆ ಸೇರುತ್ತದೆ, ಅಲ್ಲಿ ಈ ಎಂಟು ದಿನ ಕಡ್ಡಾಯವಲ್ಲ. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಚಿಕಿತ್ಸಾ ಸೇವೆಗಳಿಗೆ 2024ರ ಜನವರಿಯಿಂದ ಬೇರೆಯೇ ನಿಯಮಾವಳಿ ಇದೆ. ಯಾವ ನಿಯಮದಡಿ ಟೆಂಡರ್ ಕರೆದಿದ್ದಾರೆ ಎಂಬುದು ಪ್ರಕಟಣೆಯಲ್ಲೇ ಇರುತ್ತದೆ. ಅದನ್ನು ಮೊದಲು ಓದಿ, ಆಮೇಲೆ ದಿನ ಎಣಿಸಿ.