ಡಿವಿಡೆಂಡ್ ಬಿಟ್ಟೆ, ತಿಂಗಳ ದುಡ್ಡು ನಿಲ್ಲಲಿಲ್ಲ

ನಾನು ರಿಟೈರ್ ಆದದ್ದು 2017ರಲ್ಲಿ. ಖಾಸಗಿ ಕೆಲಸ, ಪಿಎಫ್ ಕಡೆಯಿಂದ ಬರುವ ಪಿಂಚಣಿ ಎರಡೂವರೆ ಸಾವಿರ ಚಿಲ್ಲರೆ. ಕೈಗೆ ಬಂದ ಗಂಟಿನಲ್ಲಿ 15 ಲಕ್ಷ ಸೀನಿಯರ್ ಸಿಟಿಜನ್ ಸ್ಕೀಮಿಗೆ ಹಾಕಿದೆ, 20 ಲಕ್ಷ ಬ್ಯಾಂಕಿನ ಹುಡುಗ ತೋರಿಸಿದ ಬ್ಯಾಲೆನ್ಸ್ಡ್ ಫಂಡಿಗೆ (ಷೇರು, ಸಾಲಪತ್ರ ಎರಡೂ ಇರುವ ಮ್ಯೂಚುವಲ್ ಫಂಡ್) ಹೋಯಿತು. "ಅಂಕಲ್, ತಿಂಗಳಿಗೆ 2.4 ಪರ್ಸೆಂಟ್ ಡಿವಿಡೆಂಡ್, ಟ್ಯಾಕ್ಸ್ ಇಲ್ಲ" ಅಂದಿದ್ದ. ಅದು ಹತ್ತು ರೂಪಾಯಿ ಮುಖಬೆಲೆ ಮೇಲಿನ ಲೆಕ್ಕ. ನಾನು ಕೊಂಡದ್ದು 29 ರೂಪಾಯಿಗೆ! ಲೆಕ್ಕದವನಾಗಿದ್ದೂ ಇದು ನನಗೆ ಹೊಳೆದದ್ದು ಆರು ತಿಂಗಳಾದ ಮೇಲೆ.

ಸುಮಾರು 69 ಸಾವಿರ ಯೂನಿಟ್, ಯೂನಿಟ್ಟಿಗೆ 24 ಪೈಸೆ, ತಿಂಗಳಿಗೆ ಹದಿನಾರೂವರೆ ಸಾವಿರ. ಚೆನ್ನಾಗೇ ಇತ್ತು. ಒಂದು ದಿನ ರೆಕಾರ್ಡ್ ಡೇಟ್ (ಡಿವಿಡೆಂಡ್ ಯಾರಿಗೆ ಅಂತ ಲೆಕ್ಕ ಹಿಡಿಯುವ ದಿನ) ಹಿಂದಿನ ಎನ್‌ಎವಿ (ಯೂನಿಟ್ಟಿನ ದರ), ಮರುದಿನದ ಎನ್‌ಎವಿ ಎರಡನ್ನೂ ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆದು ನೋಡಿದೆ. ಕೊಟ್ಟ 24 ಪೈಸೆ ಹಾಗೇ ಅಲ್ಲಿಂದ ಕಡಿಮೆಯಾಗಿತ್ತು. 2018ರ ಏಪ್ರಿಲ್‌ನಿಂದ ನನ್ನದನ್ನೂ ಸೇರಿಸಿ ಈಕ್ವಿಟಿ (ಷೇರು) ಫಂಡುಗಳ ಡಿವಿಡೆಂಡಿಗೂ ಶೇ. 10 ವಿತರಣಾ ತೆರಿಗೆ ಬಿತ್ತು, ಬರುತ್ತಿದ್ದದ್ದು ಹದಿನಾಲ್ಕಕ್ಕೆ ಇಳಿಯಿತು. ಲಾಕ್‌ಡೌನ್ ಹೊತ್ತಿಗೆ ಎಂಟು ಸಾವಿರ. ಅದೇ 2020ರಲ್ಲಿ ವಿತರಣಾ ತೆರಿಗೆ ತೆಗೆದು, ಡಿವಿಡೆಂಡನ್ನು ನಮ್ಮ ಆದಾಯಕ್ಕೇ ಸೇರಿಸಿದರು. ಮನೆ ಬಾಡಿಗೆ ಬರುವುದರಿಂದ ನಾನು ಟ್ಯಾಕ್ಸ್ ಕಟ್ಟುವವನೇ, ತೆರಿಗೆ ಮುರಿಯಬೇಡಿ ಎಂಬ 15ಎಚ್ ಫಾರಂ ಕೊಡುವ ಹಾಗಿಲ್ಲ. ಟಿಡಿಎಸ್ ಮುರಿದುಕೊಂಡೇ ಬರುತ್ತಿತ್ತು.

ಈ ಮಧ್ಯೆ ಹೆಂಡತಿಯ ಹೆಸರಲ್ಲಿ ಎರಡು ಲಕ್ಷ ಹಾಕಿ ರೀಇನ್ವೆಸ್ಟ್ ಆಪ್ಷನ್ (ಡಿವಿಡೆಂಡಿನಿಂದ ಮತ್ತೆ ಯೂನಿಟ್ ಕೊಳ್ಳುವುದು) ಪರೀಕ್ಷೆ ಮಾಡಿದೆ. ಕೈಗೆ ಒಂದು ರೂಪಾಯಿ ಬರುವುದಿಲ್ಲ, ಆದರೂ 2020ರ ನಂತರ ಅದು ಆದಾಯವೇ. ತಿಂಗಳಿಗೊಂದು ಖರೀದಿ, ಪ್ರತಿಯೊಂದಕ್ಕೂ ಬೇರೆ ತಾರೀಕು, ಬೇರೆ ದರ, ದೀರ್ಘಾವಧಿ ಲಾಭದ ಲೆಕ್ಕಕ್ಕೆ ಬೇರೆ ಬೇರೆ ಒಂದು ವರ್ಷ. ಸ್ಟೇಟ್‌ಮೆಂಟ್ ನಾಲ್ಕು ಪುಟ ಆಯಿತು. ಗ್ರೋತ್ (ಡಿವಿಡೆಂಡ್ ಕೊಡದೆ ಲಾಭ ಫಂಡಿನೊಳಗೇ ಬೆಳೆಯುವ ಆಪ್ಷನ್) ತಗೊಂಡಿದ್ದರೆ ಒಂದೇ ಸಾಲು.

2021ರಲ್ಲಿ ಡಿವಿಡೆಂಡ್ ಪೂರ್ತಿ ಬಿಟ್ಟು ಗ್ರೋತ್‌ಗೆ ಸ್ವಿಚ್ ಮಾಡಿ, ಎಸ್‌ಡಬ್ಲ್ಯುಪಿ (ತಿಂಗಳಿಗಿಷ್ಟು ಅಂತ ಯೂನಿಟ್ ಮಾರಿ ದುಡ್ಡು ತೆಗೆಯುವ ವ್ಯವಸ್ಥೆ) ಹಾಕುತ್ತೇನೆ ಅಂದಾಗ ವಾಕಿಂಗ್ ಗೆಳೆಯರು ನಕ್ಕರು. "ಅಡಿಕೆ ಕೊಯ್ಯೋದು ಬಿಟ್ಟು ಮರ ಕಡೀತೀಯಲ್ಲಯ್ಯ" ಅಂದರು. ಅದೇ ಏಪ್ರಿಲ್‌ನಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ ಡಿವಿಡೆಂಡ್ ಆಪ್ಷನ್ನಿನ ಹೆಸರಲ್ಲೇ 'ಕ್ಯಾಪಿಟಲ್ ವಿತ್‌ಡ್ರಾವಲ್' (ಅಸಲು ತೆಗೆಯುವುದು) ಅಂತ ಸೇರಿಸಿತು. ಮರ ಮೊದಲಿನಿಂದಲೂ ಕಡಿಯುತ್ತಲೇ ಇದ್ದರು ಅಂತ ತೋರಿಸಿದರೂ ಯಾರೂ ಒಪ್ಪಲಿಲ್ಲ.

ಸ್ವಿಚ್ ಅಂದರೆ ಮಾರಿದ ಹಾಗೆ. ಎನ್‌ಎವಿ 24ರ ಹತ್ತಿರ ಇದ್ದುದರಿಂದ ನನಗೆ ಲಾಭ ಇರಲಿಲ್ಲ, ನಷ್ಟವಿತ್ತು. ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಮಾಡಿದೆ. ಒಂದೊಂದರಲ್ಲೂ 1.7 ಲಕ್ಷದಷ್ಟು ನಷ್ಟ. ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು, ಆದರೆ ರಿಟರ್ನ್ ಗಡುವಿನೊಳಗೆ ಹಾಕಿರಬೇಕು. ಮಾರ್ಚ್‌ನದರ ಗಡುವು ಡಿಸೆಂಬರ್ 31ರವರೆಗೆ ವಿಸ್ತರಿಸಿತ್ತು. ಮಗಳ ಬಾಣಂತನದ ಗಡಿಬಿಡಿಯಲ್ಲಿ ನಾನು ಹಾಕಿದ್ದು ಜನವರಿ ಎರಡನೇ ವಾರ. ಅಷ್ಟೂ ನಷ್ಟ ನೀರಿಗೆ ಹೋಯಿತು. ಏಪ್ರಿಲ್‌ನದು ಮುಂದಿನ ಹಣಕಾಸು ವರ್ಷದ್ದು, ಅದು ಮಾತ್ರ ಉಳಿಯಿತು. ಮುಂದೆ ಸೈಟ್ ಮಾರಿದಾಗ ಅದನ್ನು ವಜಾ ಮಾಡಿಕೊಂಡು ಮೂವತ್ತು ಸಾವಿರದ ಮೇಲೆ ತೆರಿಗೆ ಉಳಿಸಿದೆ. ಇನ್ನರ್ಧವೂ ಇದ್ದಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಹೊಸ ಯೂನಿಟ್‌ಗೆ ಒಂದು ವರ್ಷದೊಳಗೆ ಶೇ. 1 ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಬೀಳುವ ಕಡಿತ). ಹಾಗಾಗಿ 13 ತಿಂಗಳು ಆ ಕಡೆಯಿಂದ ಬಿಡಿಗಾಸಿಲ್ಲ. ಎಫ್‌ಡಿ ಮುರಿದು ಸಂಸಾರ ನಡೆಸಿದೆವು. ಮನೆಯಲ್ಲಿ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

2022ರ ಮೇನಲ್ಲಿ 15 ಸಾವಿರಕ್ಕೆ ಶುರು ಮಾಡಿದೆ. ಹಳೆಯ ಡಿವಿಡೆಂಡಿನಷ್ಟೇ ಬರಲಿ ಎಂಬ ಹಟ. ಜೂನ್‌ನಲ್ಲಿ ಮಾರುಕಟ್ಟೆ ಕುಸಿಯಿತು, ಫಂಡಿನಲ್ಲಿ ಹದಿನೆಂಟೂವರೆ ಲಕ್ಷ ಇದ್ದದ್ದು ಹದಿನೇಳರ ಕಡೆ ಜಾರಿತು. ದೀಪಾವಳಿ ಹೊತ್ತಿಗೆ 9 ಸಾವಿರಕ್ಕೆ ಇಳಿಸಿದೆ. ಅಲ್ಲಿಂದ ಹದಕ್ಕೆ ಬಂತು. 2024ರಿಂದ 12 ಸಾವಿರ ತೆಗೆಯುತ್ತಾ ಬಂದೆ. ಇಷ್ಟು ತೆಗೆದ ಮೇಲೂ ಫಂಡ್ 22 ಲಕ್ಷದ ಆಸುಪಾಸಿನಲ್ಲಿದೆ. ಸ್ವಿಚ್ ಮಾಡಿದಾಗ ಇದ್ದದ್ದು ಹದಿನಾರೂವರೆ.

ಟ್ಯಾಕ್ಸ್ ಕಥೆ ಹೀಗೆ: ನೂರಕ್ಕೆ ಕೊಂಡದ್ದು ಈಗ ನೂರರವತ್ತು ಅಂದುಕೊಳ್ಳಿ, 12 ಸಾವಿರದಲ್ಲಿ ಲಾಭ ನಾಲ್ಕೂವರೆ ಸಾವಿರ. ವರ್ಷಕ್ಕೆ ಐವತ್ತನಾಲ್ಕು. ಈಕ್ವಿಟಿಯ ದೀರ್ಘಾವಧಿ ಲಾಭಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಆದ್ದರಿಂದ ನಾನು ಕಟ್ಟುವುದು ಸೊನ್ನೆ. ಅದೇ ದುಡ್ಡು ಡಿವಿಡೆಂಡಾಗಿ ಬಂದಿದ್ದರೆ ಪೂರ್ತಿ 1.44 ಲಕ್ಷ ಆದಾಯಕ್ಕೆ ಸೇರುತ್ತಿತ್ತು.

ಮಾರುಕಟ್ಟೆ ಕೆಟ್ಟಾಗ ಎಸ್‌ಡಬ್ಲ್ಯುಪಿ ಯಾವಾಗ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಗುರುತಿದೆ. ಅದನ್ನು ಹೇಳುವುದಿಲ್ಲ. ಮೂರು ಸಲ ಬಳಸಿದ್ದೇನೆ, ಎರಡು ಸಲ ಸರಿಹೋಯಿತು.

ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಷಡ್ಕ. ಅವನದು ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ). ಅಲ್ಲಿ ಡಿವಿಡೆಂಡ್ ಕೈಗೆ ಬರುವುದೇ ಇಲ್ಲ, ಷೇರುಗಳಿಂದ ಬಂದದ್ದು ಎನ್‌ಎವಿಯೊಳಗೇ ಸೇರುತ್ತದೆ. 2023ರ ಅಕ್ಟೋಬರ್‌ನಲ್ಲಿ ಪಿಂಚಣಿ ನಿಯಂತ್ರಕ ಪಿಎಫ್‌ಆರ್‌ಡಿಎ ಅಲ್ಲೂ ಒಟ್ಟಿಗೆ ತೆಗೆಯುವ ಭಾಗವನ್ನು 75ರ ವಯಸ್ಸಿನವರೆಗೆ ಕಂತುಕಂತಾಗಿ ತೆಗೆಯಲು ಬಿಟ್ಟಿತು. "ನಿಂದೂ ಮರ ಕಡಿಯೋದೇ ಆಯ್ತಲ್ಲೋ" ಅಂದೆ. ಮಾತು ಬದಲಾಯಿಸಿ ಮಳೆ ವಿಷಯ ತೆಗೆದ.

ಈ ಏಪ್ರಿಲ್‌ನಿಂದ ನನ್ನ ಎಸ್‌ಡಬ್ಲ್ಯುಪಿ ಹನ್ನೆರಡೂವರೆ ಸಾವಿರ ಮಾಡಿದ್ದೇನೆ. ನಮ್ಮ ಫಂಡಿನಲ್ಲಿ ಮೊತ್ತ ತಿದ್ದಲು ಬರುವುದಿಲ್ಲ, ಹಳೆಯದನ್ನು ರದ್ದು ಮಾಡಿ ಹೊಸ ಅರ್ಜಿ ಹಾಕಬೇಕು. ನಡುವೆ ಒಂದು ಕಂತು ತಪ್ಪಿತು, ಆ ತಿಂಗಳು ಹಾಲಿನವನಿಗೆ ಹತ್ತನೇ ತಾರೀಕು ಕೊಟ್ಟೆ.