ಗೀಗೀ ಮೇಳದಲ್ಲಿ ಹೆಸರು ಬಂದದ್ದು ಜವಾಬಿನಿಂದ

ಹಾಡು ಕಲಿಯಲು ಬರುವ ಹುಡುಗಿಯರು ಮೊದಲು ಕೇಳುವುದು ಇದನ್ನೇ: "ಅಕ್ಕಾ, ಜಾತ್ರಿಗೆ ನಿಮ್ಮನ್ನ ಯಾಕ ಕರೀತಾರ?" ದನಿ ನೋಡಿ ಕರೆಯುವುದಾದರೆ ನನಗಿಂತ ಇಂಪಾಗಿ ಹಾಡುವವರು ಗೋಕಾಕ, ಮುಧೋಳದ ಕಡೆ ಬೇಕಾದಷ್ಟು ಜನ ಇದ್ದಾರೆ. ಗೀಗೀ ಪದ ಅಂದರೆ ಎರಡು ಮೇಳ ಎದುರುಬದುರು ನಿಂತು ಸವಾಲು-ಜವಾಬಿನಲ್ಲಿ ಹಾಡುವ ಜನಪದ ಹಾಡು. ಅದರಲ್ಲಿ ಜನ ನೆನಪಿಡುವುದು ಸವಾಲಿಗೆ ತಕ್ಕ ಜವಾಬು ಕೊಟ್ಟವಳನ್ನು.

ನಮ್ಮದು ನಾಗೇಶಿ ಮೇಳ. ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎಂದು ಹಾಡುವವರು. ಎದುರಿಗೆ ಹರದೇಶಿಯವರು, ಅವರದು ಗಂಡಿನ ಪಕ್ಷ. ಅವರು ಸವಾಲು ಹಾಕಬೇಕು, ನಾವು ಬಿಡಿಸಬೇಕು. ಆಮೇಲೆ ನಾವು ಹಾಕುತ್ತೇವೆ. ರಾತ್ರಿಯಿಡೀ ಇದೇ.

ನಾನು ಕಲಿತದ್ದು ಗುರುಗಳ ಹಿಂದೆ ಒಂದೇ ತಂತಿಯ ವಾದ್ಯ ತುಂತುಣಿ ಹಿಡಿದು ನಿಂತು. ವರ್ಷಗಟ್ಟಲೆ ನನ್ನ ಪಾಲಿಗಿದ್ದದ್ದು ಹಿಮ್ಮೇಳ ಎಳೆಯುವ 'ಗೀಯ ಗೀಯ ಗಾಗೀಯ ಗಾ' ಮಾತ್ರ. ಹಿಮ್ಮೇಳದಲ್ಲಿ ನಿಂತವಳಿಗೆ ಒಂದು ಲಾಭ ಇದೆ. ಮುಂದಿನವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಯೋಚನೆ ಮಾಡುತ್ತಾರೆ ಅನ್ನುವುದು ಬೆನ್ನ ಹಿಂದಿನಿಂದ ಚೆನ್ನಾಗಿ ಕಾಣುತ್ತದೆ. ಹಿಮ್ಮೇಳ ಗೀಯ ಗೀಯ ಎಳೆಯುವಷ್ಟು ಹೊತ್ತೇ ಹಾಡುಗಾರ್ತಿಗೆ ಸಿಗುವ ಸಮಯ. ಅಷ್ಟರೊಳಗೆ ಮುಂದಿನ ಸಾಲು ಪ್ರಾಸದ ಸಮೇತ ಬಾಯಿಗೆ ಬಂದಿರಬೇಕು. ಅದಕ್ಕೇ ನನ್ನ ಜೊತೆಯ ಇಬ್ಬರನ್ನು ನಾನು ಯಾವತ್ತೂ ಬದಲಾಯಿಸಿಲ್ಲ. ನಾನು ಕೈಯಲ್ಲಿ ಹಿಡಿದು ಬಾರಿಸುವ ದಪ್ಪಿನ ಮೇಲೆ ಬೆರಳು ನಿಧಾನ ಮಾಡಿದರೆ ಸಾಕು, ಅವರು ಇನ್ನೊಂದು ಸುತ್ತು ಎಳೆಯುತ್ತಾರೆ.

ಒಂದು ಜವಾಬು ಹೇಳುತ್ತೇನೆ. ಬೈಲಹೊಂಗಲದ ಕಡೆ ನಾನು ಹಾಡಿನೊಳಗೆ ಕಿತ್ತೂರ ಚೆನ್ನಮ್ಮನನ್ನು ತಂದೆ. 1824ರಲ್ಲಿ ಕಿತ್ತೂರ ಕೋಟೆಯ ಮುಂದೆ ಇಂಗ್ಲಿಷರ ಕಲೆಕ್ಟರ ಥ್ಯಾಕರೆ ಬಿದ್ದದ್ದು ಒಬ್ಬ ಹೆಣ್ಣುಮಗಳ ಎದುರಿಗೆ ಅಲ್ವಾ ಅಂದೆ. ಹರದೇಶಿ ಅಣ್ಣ ಬಿಡಲಿಲ್ಲ. ಚೆನ್ನಮ್ಮ ಸೆರೆಗೆ ಹೋದ ಮೇಲೆ ಹೋರಾಡಿದವನು ಸಂಗೊಳ್ಳಿ ರಾಯಣ್ಣ, ಗಂಡಸು, ಅಂದ. ಜನ ಸಿಳ್ಳೆ ಹಾಕಿದರು. ರಾಯಣ್ಣನ ಸೀಮೆಯಲ್ಲಿ ರಾಯಣ್ಣನನ್ನು ಕಡಿಮೆ ಮಾಡಿ ಹಾಡುವುದು ಆಗದ ಮಾತು, ಹಾಗೆ ಹಾಡಲು ನನಗೂ ಮನಸ್ಸಿಲ್ಲ. ಹಿಮ್ಮೇಳ ಎರಡು ಸುತ್ತು ಎಳೆಯಿತು. ನಾನು ಎತ್ತಿಕೊಂಡೆ:

ನಂದಗಡದಾಗ ಉರುಲಿಗೆ ಕೊರಳ ಯಾರ ಸಲುವಾಗಿ ಕೊಟ್ಟಾನೋ ಅಣ್ಣಾ
ಉಂಡ ಉಪ್ಪು ರಾಣೀದಂತ ಸಾಯೂತನಕ ನೆನದಾನೋ ಅಣ್ಣಾ

ಆಯೇರಿ ಮಾಡಲು, ಅಂದರೆ ಮೆಚ್ಚಿ ಉಡುಗೊರೆ ಕೊಡಲು, ಮೊದಲು ಎದ್ದವರು ಸಂಗೊಳ್ಳಿ ಕಡೆಯ ಹಿರಿಯರು. ಹರದೇಶಿ ಅಣ್ಣನೂ ದಪ್ಪು ಎತ್ತಿ ಕೈ ಮುಗಿದ. ಅವತ್ತಿನಿಂದ ಆ ಸೀಮೆಯ ವೀಳ್ಯ, ಅಂದರೆ ಹಾಡಲು ಬರುವ ಕರೆ, ತಪ್ಪಿಲ್ಲ.

ಇದಕ್ಕೆ ಹಗಲು ಓದಬೇಕು. ಮಹಾಭಾರತ, ಶಿವಪುರಾಣ, ವಚನ, ಶಿಶುನಾಳ ಶರೀಫಜ್ಜನ ಪದ. ಹೋಗುವ ಊರಿನ ದೇವರ ಕಥೆಯನ್ನು ಅಲ್ಲಿಯ ಹಿರಿಯರ ಬಾಯಿಂದಲೇ ಕೇಳಬೇಕು. ಹಲಸಂಗಿಯ ಲಾವಣಿಕಾರ ಖಾಜಾಭಾಯಿ ಅವರ ಲಾವಣಿಗಳನ್ನು ನಾನು ಇವತ್ತಿಗೂ ಬಾಯಿಪಾಠ ಮಾಡುತ್ತೇನೆ. ಅಷ್ಟು ಬಿಗಿಯಾಗಿ ಪದ ಕಟ್ಟುವುದು ಹೇಗೆ ಅನ್ನುವುದು ಅಲ್ಲಿ ಸಿಗುತ್ತದೆ.

ಮೊದಲು ಹೆಸರು ಹಬ್ಬುತ್ತಿದ್ದದ್ದು ಬೀಗರ ಬಾಯಿಂದ, ಆಮೇಲೆ ಕ್ಯಾಸೆಟ್‌ನಿಂದ. ಈಗ ಯೂಟ್ಯೂಬ್. ಜಾತ್ರೆಯ ವಿಡಿಯೋ ನೋಡಿ ಪುಣೆಯಲ್ಲಿ ದುಡಿಯುವ ನಮ್ಮ ಹುಡುಗರು ಫೋನ್ ಮಾಡುತ್ತಾರೆ, ಖುಷಿ ಆಗುತ್ತದೆ. ಆದರೆ ಐದು ನಿಮಿಷದ ತುಂಡಿನಲ್ಲಿ ಸವಾಲು ಇರುತ್ತದೆ, ಜವಾಬು ಹೋಗಿರುತ್ತದೆ. ಇಲ್ಲವೆ ಜವಾಬು ಇರುತ್ತದೆ, ಅದು ಯಾವುದಕ್ಕೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ವಿಡಿಯೋ ಮಾಡುವವರಿಗೆ ನಾನು ಮೊದಲೇ ಹೇಳುತ್ತೇನೆ: ಎರಡನ್ನೂ ಕೂಡಿಸಿ ಹಾಕಿ, ಉದ್ದ ಆದರೂ ಪರವಾಗಿಲ್ಲ. ಒಪ್ಪದಿದ್ದರೆ ಮೈಕಿನ ಹತ್ತಿರ ಫೋನ್ ಇಡಲು ಬಿಡುವುದಿಲ್ಲ.