ಕೆಮ್ಮಿನ ಸಿರಪ್ ಕುಡಿದ್ರೆ ಪಾರ್ಕಿನ್ಸನ್ಸ್ ಹೋಗತ್ತಂತೆ ಅನ್ನೋ ಮೆಸೇಜ್ ಬಂದಾಗ

ಡೊಂಬಿವಲಿ, ಚೆಂಬೂರ್ ಕಡೆ ನಮ್ಮ ಕನ್ನಡದವ್ರ ಫ್ಯಾಮಿಲಿ ಗ್ರೂಪುಗಳಲ್ಲಿ ಇದು ಓಡಾಡ್ತಾನೇ ಇರತ್ತೆ, ಆಂಬ್ರಾಕ್ಸಾಲ್ ಅನ್ನೋ ಹಳೇ ಕೆಮ್ಮಿನ ಔಷಧಿಯಿಂದ ಪಾರ್ಕಿನ್ಸನ್ಸ್ (ಕೈ ನಡುಗೋ, ಮೈ ಬಿಗಿಯೋ ಮೆದುಳಿನ ಕಾಯಿಲೆ) ವಾಸಿ ಅಂತ. ಪೂರ್ತಿ ಸುಳ್ಳೂ ಅಲ್ಲ, ಅದ್ರ ಮೇಲೆ ಸ್ಟಡಿ ನಡೆದಿರೋದು ನಿಜ, ಅದೇ ತಲೆನೋವು.

ಮೊದ್ಲು ಕೆಮಿಸ್ಟ್ ಕೊಟ್ಟ ಬಾಟಲಿ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ನಮ್ಮಲ್ಲಿ ಸಿಗೋ ಎಷ್ಟೋ ಸಿರಪ್ಪಲ್ಲಿ ಆಂಬ್ರಾಕ್ಸಾಲ್ ಒಂದೇ ಇರಲ್ಲ, ಜೊತೆಗೆ ಉಸಿರಾಟ ಸಲೀಸು ಮಾಡೋ ಟರ್ಬುಟಲಿನ್ನೋ ಲೆವೋಸಾಲ್ಬುಟಮಾಲೋ ಸೇರಿಸಿರ್ತಾರೆ, ಅವು ತಾವಾಗೇ ಕೈ ನಡುಗಿಸ್ತವೆ, ನಡುಕದವ್ರಿಗೆ ನಡುಗಿಸೋ ಔಷಧಿ ಕುಡಿಸಿದ ಹಾಗಾಯ್ತು! ಡೆಕ್ಸ್ಟ್ರೋಮೆಥಾರ್ಫಾನ್ (ಕೆಮ್ಮು ತಡೆಯೋ ಔಷಧಿ) ಅಂತ ಕಂಡ್ರಂತೂ, ಅಪ್ಪಾಜಿ ಪಾರ್ಕಿನ್ಸನ್ಸ್‌ಗೆ ರಾಸಾಜಿಲಿನ್ ಅಥ್ವಾ ಸೆಲೆಜಿಲಿನ್ ಮಾತ್ರೆ ತಗೋತಿದ್ರೆ ಆ ಬಾಟಲಿ ಮುಟ್ಲೇಬೇಡಿ. ಪಾರ್ಕಿನ್ಸನ್ಸ್‌ನವ್ರಿಗೆ ಆಂಬ್ರಾಕ್ಸಾಲ್ ಕೊಟ್ಟು ನೋಡಿ 2020ರಲ್ಲಿ ಬಂದ ಲಂಡನ್ ಸ್ಟಡೀಲಿ ಕೊಟ್ಟಿದ್ದು ದಿನಕ್ಕೆ 1260 ಮಿಲಿಗ್ರಾಂ, ಅಂಗಡಿ ಮಾತ್ರೆ 30 ಮಿಲಿಗ್ರಾಂದು, ಲೆಕ್ಕ ಹಾಕಿ ನುಂಗೋಕೆ ಹೋಗ್ಬೇಡಿ ಮಾರಾಯ್ರೇ.

ಆಮೇಲೆ ಕೇಳ್ಬೇಕಾಗಿದ್ದು ಎಷ್ಟು ಜನ, ಡಮ್ಮಿ ಮಾತ್ರೆ ಜೊತೆ ಹೋಲಿಸಿದ್ರಾ ಅಂತ. ಆ ಸ್ಟಡೀಲಿ ಇಪ್ಪತ್ತು ಜನಾನೂ ಇರ್ಲಿಲ್ಲ, ಡಮ್ಮಿ ಗುಂಪೂ ಇಲ್ಲ. ಶುಗರ್‌ನ ಎಕ್ಸೆನಟೈಡ್ ಇಂಜೆಕ್ಷನ್ ಕಥೆ ನೋಡಿ, ಪಾರ್ಕಿನ್ಸನ್ಸ್‌ಗೆ ಅಂತ 2017ರಲ್ಲಿ 62 ಜನರ ಟ್ರಯಲಲ್ಲಿ ಚೆನ್ನಾಗೇ ಕಾಣಿಸ್ತು, 2025ರಲ್ಲಿ 194 ಜನರಿಗೆ 96 ವಾರ ಕೊಟ್ಟು ನೋಡಿದ್ರೆ ಪ್ರಯೋಜನ ಸೊನ್ನೆ. ಮಿನೋಸೈಕ್ಲಿನ್ ಅಂತ ಹಳೇ ಆಂಟಿಬಯಾಟಿಕ್, ಎಎಲ್‌ಎಸ್ (ಸ್ನಾಯುಗಳು ಶಕ್ತಿ ಕಳ್ಕೊಳ್ಳೋ ನರದ ಕಾಯಿಲೆ) ಇರೋರಿಗೆ ಕೊಟ್ರೆ ಇನ್ನೂ ಬೇಗ ಹದಗೆಟ್ರು, 2007ರ ರಿಸಲ್ಟ್ ಅದು. ಹಳೇ ಔಷಧಿ ಅಂದ್ರೆ ಸೇಫ್ ಅಂತೇನಿಲ್ಲ.

ಹಾಗಂತ ಎಲ್ಲಾ ಬೋಗಸ್ ಅಂತಾನೂ ಅಲ್ಲ. ಅಮಾಂಟಡಿನ್ ಮೊದ್ಲು ಫ್ಲೂ ಔಷಧಿ, ಪಾರ್ಕಿನ್ಸನ್ಸ್ ಇದ್ದ ಒಬ್ಬ ಹೆಂಗಸು ಫ್ಲೂಗೆ ಅಂತ ತಗೊಂಡಾಗ ನಡುಕ, ಬಿಗಿತ ಕಮ್ಮಿ ಆಯ್ತು, ಅಮೆರಿಕದ ಡಾಕ್ಟ್ರುಗಳು 1969ರಲ್ಲಿ ಅದನ್ನ ಬರೆದು ಪ್ರಕಟಿಸಿದ್ರು, ಇವತ್ತಿಗೂ ನ್ಯೂರಾಲಜಿಸ್ಟ್‌ಗಳು ಬರೆದು ಕೊಡ್ತಾರೆ.

ಮುಂಬೈ, ಪುಣೆಲಿ ಯಾವ್ದಾದ್ರೂ ಟ್ರಯಲ್ ಇದ್ಯಾ ಅಂತ ನೋಡೋಕೆ ಸಿಟಿಆರ್‌ಐ (ಟ್ರಯಲ್‌ಗಳನ್ನ ನೋಂದಾಯಿಸೋ ಜಾಗ) ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಕಾಯಿಲೆ ಹೆಸರು ಹಾಕಿ ಹುಡುಕಿ, ಯಾವ ಊರು, ಯಾವ ಆಸ್ಪತ್ರೆ, ಇನ್ನೂ ಜನರನ್ನ ಸೇರಿಸ್ಕೋತಿದ್ದಾರಾ ಎಲ್ಲಾ ಫ್ರೀಯಾಗೇ ಸಿಗತ್ತೆ. ಯಾರಾದ್ರೂ ಟ್ರಯಲ್‌ಗೆ ಸೇರಿಸ್ತೀವಿ ಅಂತ ದುಡ್ಡು ಕೇಳಿದ್ರೆ ಎದ್ದು ಬಂದ್ಬಿಡಿ.

ಒಪಿಡೀಲಿ ಸಿಗೋದೇ ಐದು ನಿಮಿಷ, ಫಾರ್ವರ್ಡ್ ಓದಿ ಹೇಳ್ತಾ ಕೂತ್ರೆ ಅಷ್ಟೇ. ಔಷಧಿ ಹೆಸರು ಒಂದು ಚೀಟೀಲಿ ಬರ್ಕೊಳ್ಳಿ, ಈಗ ತಗೋತಿರೋ ಎಲ್ಲಾ ಸ್ಟ್ರಿಪ್‌ಗಳ ಫೋಟೋ ಇಟ್ಕೊಳ್ಳಿ, ಆಯುರ್ವೇದದ ಪುಡಿ ಇದ್ರೆ ಅದೂ. ಲೆವೊಡೋಪಾ (ಪಾರ್ಕಿನ್ಸನ್ಸ್‌ನ ಮುಖ್ಯ ಮಾತ್ರೆ) ಎಷ್ಟೊತ್ತಿಗೆ ಕೊಡ್ತೀರಿ, ಎಷ್ಟೊತ್ತಿಗೆ ಮತ್ತೆ ಕೈಕಾಲು ಬಿಗಿಯೋಕೆ ಶುರುವಾಗತ್ತೆ ಅಂತ ಒಂದು ವಾರದ್ದು ಬರೆದಿಟ್ರೆ ಇನ್ನೂ ಒಳ್ಳೇದು, ಡಾಕ್ಟ್ರು ಮೊದ್ಲು ಕೇಳೋದೇ ಅದನ್ನ.